ತಾಲ್ಲೂಕಿಗೊಂದು ಬಣ್ಣ

ಪ್ರಶ್ನೆ: ಕೊಡಗಿನ ಐದು ತಾಲ್ಲೂಕುಗಳ ತಿಂಗಳವಾರು ಮಳೆಯನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಚಿತ್ರ ಬರೆಯುವ ಪ್ಯಾಕೇಜಾದ ಜಿಜಿಪ್ಲಾಟ್2ರಲ್ಲಿ ಗೆರೆಚಿತ್ರವಾಗಿ ಬರೆಯುತ್ತಿದ್ದೇನೆ. ಒಂದು ತಾಲ್ಲೂಕನ್ನು ಕೈಬಿಟ್ಟರೆ ಉಳಿದವುಗಳ ಬಣ್ಣಗಳೂ ಬದಲಾಗುತ್ತವೆ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೆ ಎಲ್ಲ ಗೆರೆಗಳೂ ಒಂದೇ ರೀತಿ ಕಾಣುತ್ತವೆ. ಪರಿಹಾರವೇನು?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬಣ್ಣಗಳನ್ನು ಹೆಸರಿಲ್ಲದ ಪಟ್ಟಿಯಾಗಿ ಕೊಟ್ಟಾಗ ಅವು ವರ್ಗಗಳ (ಇಲ್ಲಿ ತಾಲ್ಲೂಕುಗಳ) ಅನುಕ್ರಮಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ, ಸೋಮವಾರಪೇಟೆಯನ್ನು ತೆಗೆದೊಡನೆ ಅದರ ಬಣ್ಣ ಮುಂದಿನ ತಾಲ್ಲೂಕಿಗೆ ಹೋಗುತ್ತದೆ. ಆದುದರಿಂದ ಬಣ್ಣಗಳನ್ನು ನಾವೇ ಗೊತ್ತುಮಾಡುವ 'ಸ್ಕೇಲ್_ಕಲರ್_ಮ್ಯಾನ್ಯುಯಲ್' ಫಂಕ್ಷನ್‌ನ 'ವ್ಯಾಲ್ಯೂಸ್'ಗೆ ಪ್ರತಿ ಬಣ್ಣವನ್ನೂ ತಾಲ್ಲೂಕಿನ ಹೆಸರಿನೊಡನೆ ಕೊಡಿ. ದತ್ತಾಂಶದಲ್ಲಿರುವ ಹೆಸರಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಾದರೂ ಆ ಗೆರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಸ್ತಂಭಚಿತ್ರವಾದರೆ 'ಕಲರ್' ಬದಲು 'ಫಿಲ್' ಬಳಸಬೇಕು.

ಎರಡನೆಯ ತೊಂದರೆಗೆ ಕಾರಣ, ಜಿಜಿಪ್ಲಾಟ್2 ತಾನಾಗಿ ಆರಿಸುವ ಬಣ್ಣಗಳ ವರ್ಣ ಬೇರೆಯಾದರೂ ಹೊಳಪು ಹೆಚ್ಚುಕಡಿಮೆ ಒಂದೇ ಆಗಿರುವುದು. ಬಣ್ಣಗುರುಡು ಇರುವವರಿಗೂ ಗುರುತು ಹತ್ತುವ ಒಕಾಬೆ-ಇಟೊ ವರ್ಣಪಟ್ಟಿ ಆರ್ 4.0.0 (2020) ಆವೃತ್ತಿಯಿಂದ 'ಪ್ಯಾಲೆಟ್.ಕಲರ್ಸ್' ಫಂಕ್ಷನ್‌ನಲ್ಲಿ ಸಿಗುತ್ತದೆ. ಆದರೆ ಅದು ಬಣ್ಣಗಳ ಹೆಸರನ್ನೂ ಜೊತೆಗೆ ತರುವುದರಿಂದ, 'ಸೆಟ್‌ನೇಮ್ಸ್' ಮೂಲಕ ಆ ಜಾಗದಲ್ಲಿ ತಾಲ್ಲೂಕುಗಳ ಹೆಸರನ್ನಿಡಬೇಕು. ಈ ವರ್ಣಪಟ್ಟಿಯಲ್ಲಿ ಐದನೆಯದಾದ ಹಳದಿ ಬಿಳಿ ಕಾಗದದ ಮೇಲೆ ತೆಳುಗೆರೆಯಾಗಿ ಕಾಣುವುದೇ ಇಲ್ಲ. ಅದನ್ನು ಬಿಟ್ಟು ಆರನೆಯ ನೀಲಿಯನ್ನು ತೆಗೆದುಕೊಳ್ಳುವುದು ಲೇಸು. ಕಪ್ಪು-ಬಿಳುಪಿನ ಮುದ್ರಣಕ್ಕೆ ಬಣ್ಣವನ್ನಷ್ಟೇ ನೆಚ್ಚದೆ, 'ಲೈನ್‌ಟೈಪ್'ಗೂ ತಾಲ್ಲೂಕನ್ನೇ ಜೋಡಿಸಿ, ಗೆರೆಗಳ ಶೈಲಿಯನ್ನೂ ಬೇರೆಬೇರೆ ಮಾಡಿ.