ಫ್ಯಾಕ್ಟರಿಯಲ್ಲಿ ಮಾಡಿ ತಂದ ವಾರ್ಡು ನಮ್ಮ ಮಳೆಗೆ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಊರಿನ ಟ್ರಸ್ಟ್ ಆಸ್ಪತ್ರೆಗೆ ಇಪ್ಪತ್ತು ಬೆಡ್ಡಿನ ಹೊಸ ವಾರ್ಡು ಬೇಕಾಗಿದೆ. ಕಾಂಕ್ರೀಟಿನಲ್ಲಿ ಕಟ್ಟಿದರೆ ಒಂದೂವರೆ ವರ್ಷ ಎನ್ನುತ್ತಾರೆ. ಕಂಪನಿಯೊಂದು ರೂಮುಗಳನ್ನು ಫ್ಯಾಕ್ಟರಿಯಲ್ಲೇ ಮಾಡಿ, ಲಾರಿಯಲ್ಲಿ ತಂದು ಜೋಡಿಸಿ, ಬೇಗ ಮುಗಿಸುತ್ತೇವೆ ಅನ್ನುತ್ತಿದೆ. ಕಾಸರಗೋಡಿನ ಕಂಟೇನರ್ ಆಸ್ಪತ್ರೆಯ ಗತಿ ನೋಡಿದ ಕಮಿಟಿಯವರಿಗೆ ಭಯ. ಏನು ಮಾಡೋಣ ಮೇಡಂ?
— ಓದುಗರೊಬ್ಬರು, ಪುತ್ತೂರು

ಉತ್ತರ: ಕಾಸರಗೋಡಿನಿಂದಲೇ ಶುರು ಮಾಡುತ್ತೇನೆ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ–ಕೇರಳದ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅಲ್ಲಿನ ಜನ ಪಟ್ಟ ಪಾಡು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಸಮಯಕ್ಕೆ ಚಿಕಿತ್ಸೆ ಸಿಗದೆ ಜೀವ ಹೋದವರಿದ್ದಾರೆ. ಆಮೇಲೆ ಟಾಟಾದವರು ಕಾಸರಗೋಡು ಜಿಲ್ಲೆಯ ತೆಕ್ಕಿಲ್‌ನಲ್ಲಿ ಕಂಟೇನರ್‌ಗಳನ್ನು ಜೋಡಿಸಿ, 500ಕ್ಕೂ ಜಾಸ್ತಿ ಬೆಡ್ಡಿನ ಕೋವಿಡ್ ಆಸ್ಪತ್ರೆ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇರಳ ಸರ್ಕಾರಕ್ಕೆ ಒಪ್ಪಿಸಿದರು. ಆದರೂ ರೋಗಿಗಳು ಒಳಗೆ ಬಂದದ್ದು ಅಕ್ಟೋಬರ್ ಕೊನೆಗೆ. ಕಟ್ಟಡ ರೆಡಿ ಇದ್ದರೂ ಡಾಕ್ಟರು, ನರ್ಸುಗಳ ಹುದ್ದೆ ಮಂಜೂರಾಗಬೇಕಿತ್ತು. ನಿಮ್ಮ ಕಮಿಟಿ ಇದನ್ನೂ ಗಮನಿಸಲಿ. ವಾರ್ಡು ಬೇಗ ಬರುತ್ತದೆ ಅಂದರೆ ನರ್ಸುಗಳನ್ನೂ ಬೇಗ ಹುಡುಕಬೇಕು.

ಆ ಕಂಟೇನರ್‌ಗಳು ಆಮೇಲೆ ಸೋರಿ ಹಾಳಾದದ್ದು ನಿಜ. ಆದರೆ ಅವು ತುರ್ತಿಗೆಂದು ಬಂದವು, ತುರ್ತಿಗೆ ಒದಗಿದವು. ವುಹಾನ್‌ನಲ್ಲಿ ಹತ್ತು ದಿನದಲ್ಲಿ ಎದ್ದ 1,000 ಬೆಡ್ಡಿನ ಆಸ್ಪತ್ರೆಯೂ ಅದೇ ಜಾತಿ. ನಿಮಗೆ ಬೇಕಾದದ್ದು ಮೂವತ್ತು ವರ್ಷ ಬಾಳುವ ವಾರ್ಡು. ಕಂಪನಿಯವರು ಬಂದಾಗ ಮೊದಲು ಅದನ್ನೇ ಕೇಳಿ: ಇದು ಎಷ್ಟು ವರ್ಷಕ್ಕೆ ಡಿಸೈನ್ ಮಾಡಿದ್ದು? ಬರೆದು ಕೊಡುತ್ತೀರಾ? ಬರೆದು ಕೊಡದಿದ್ದರೆ ಮುಂದಿನ ಮಾತು ಬೇಡ.

ಸಮಯ ಉಳಿಯುವುದು ಹೇಗೆ ಅಂದರೆ, ಇಲ್ಲಿ ಫೌಂಡೇಶನ್ ಹಾಕುತ್ತಿರುವಾಗಲೇ ಅಲ್ಲಿ ರೂಮುಗಳು ತಯಾರಾಗುತ್ತವೆ. ಆದರೆ ನನಗೆ ಈ ವಿಧಾನ ಇಷ್ಟವಾಗಲು ಬೇರೆ ಕಾರಣವಿದೆ. ರೋಗಿಗಳಿರುವ ಆಸ್ಪತ್ರೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ಒಡೆಯುವುದು, ಕೊರೆಯುವುದು ನಡೆದರೆ ಧೂಳು ಒಳಗೆ ಬಂದೇ ಬರುತ್ತದೆ. ಆ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳಿರುತ್ತವೆ. ನಮಗೆ ಏನೂ ಆಗಲಿಕ್ಕಿಲ್ಲ, ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವವರ ಶ್ವಾಸಕೋಶಕ್ಕೆ ಅದು ಪ್ರಾಣಾಂತಿಕ ಆಗಬಹುದು. ಆ ಗಲಾಟೆ, ಧೂಳಿನ ದೊಡ್ಡ ಪಾಲು ಫ್ಯಾಕ್ಟರಿಯಲ್ಲೇ ಮುಗಿದರೆ ಒಳ್ಳೆಯದಲ್ವಾ?

ಇನ್ನು ಮಳೆ. ಚಪ್ಪಟೆ ಮಾಡಿನ (ಛಾವಣಿಯ) ಪೆಟ್ಟಿಗೆಯಂಥ ಈ ರೂಮುಗಳನ್ನು ಹಾಗೇ ಬಿಟ್ಟರೆ ನೀರು ನಿಲ್ಲುವುದು ಎರಡು ಪೆಟ್ಟಿಗೆ ಸೇರುವ ಕಡೆ. ಸಂದು ಮುಚ್ಚುವ ಸೀಲೆಂಟ್ ಬಿಸಿಲಿಗೆ ಬಿರಿಯುತ್ತದೆ, ನೀರು ಒಳಗೆ ಇಳಿಯುತ್ತದೆ, ತುಕ್ಕು ಅಲ್ಲಿಂದ ಶುರು. ನಮ್ಮೂರಲ್ಲಿ ತಾರಸಿ ಮೇಲೂ ಶೀಟು ಹಾಕಿಸುತ್ತೇವಲ್ಲ, ಇದಕ್ಕೂ ಹಾಗೇ ಇಡೀ ವಾರ್ಡಿಗೆ ಒಂದೇ ಇಳಿಜಾರು ಮಾಡು ಹಾಕಿಸಿ, ಅಂಚು ಧಾರಾಳವಾಗಿ ಹೊರಗೆ ಚಾಚಲಿ. ಆ ಖರ್ಚನ್ನು ಎಸ್ಟಿಮೇಟಿನಲ್ಲೇ ಸೇರಿಸಿ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಜಾಯಿಂಟ್‌ಗಳನ್ನು ನೋಡುವುದು ಯಾರು ಅನ್ನೋದೂ ಅಗ್ರಿಮೆಂಟಿನಲ್ಲಿ ಬರಲಿ.

ಹಳೆ ಕಟ್ಟಡಕ್ಕೆ ಸೇರುವ ಜಾಗ ಇನ್ನೊಂದು. ಒಂದು ಆಸ್ಪತ್ರೆಯಲ್ಲಿ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಹಳೆ ಕಾರಿಡಾರಿಗಿಂತ ಹೊಸ ವಾರ್ಡಿನ ನೆಲ ಒಂದು ಬೆರಳಿನಷ್ಟು ಎತ್ತರ. ಸೊಂಟ ಮುರಿದಿದ್ದ ಒಬ್ಬ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಬಂದರು. ಗಾಲಿ ಆ ಅಂಚಿಗೆ ತಾಗಿತು, ಅಜ್ಜಿ ನೋವಿಗೆ ಚೀರಿಕೊಂಡರು. ಕೊನೆಗೆ ವಾರ್ಡ್‌ಬಾಯ್ ಔಷಧಿ ಡಬ್ಬದ ರಟ್ಟು ಮಡಚಿ ಅಲ್ಲಿ ಇಟ್ಟ. ಹಾಗಾಗಬಾರದು ಅಂದರೆ ಫೌಂಡೇಶನ್ ಮಾಡುವವರೂ ರೂಮು ಮಾಡುವವರೂ ಒಂದೇ ಡ್ರಾಯಿಂಗ್ ಹಿಡಿದು, ಮೊದಲೇ ಲೆವೆಲ್ ಒಪ್ಪಿಕೊಂಡಿರಬೇಕು. ಆಕ್ಸಿಜನ್ ಪೈಪು, ಕರೆಂಟು, ಡ್ರೈನೇಜ್ ಎಲ್ಲಿ ಸೇರುತ್ತವೆ ಅನ್ನೋದೂ ಅಷ್ಟೇ. ಫ್ಯಾಕ್ಟರಿಯಿಂದ ಬಂದ ಮೇಲೆ ಗೋಡೆ ಕೊರೆಯಲು ಹೊರಟರೆ ಸುಮ್ನೆ ಹಣ ದಂಡ. ಕ್ರೇನ್, ಉದ್ದದ ಲಾರಿ ನಿಮ್ಮ ಗೇಟಿನೊಳಗೆ ತಿರುಗುತ್ತವಾ ಅಂತ ಈಗಲೇ ಅಳೆಯಿರಿ.

ಪ್ರಶ್ನೆ: ಇಂಥ ರೂಮು ಹಗುರ ಅಲ್ವಾ? ಆಸ್ಪತ್ರೆಯ ಟೆರೇಸ್ ಮೇಲೆ ಕೂರಿಸಬಹುದಾ?
— ಓದುಗರೊಬ್ಬರು, ಹಾಸನ

ಉತ್ತರ: ಕಾಂಕ್ರೀಟಿಗಿಂತ ಹಗುರ, ಹೌದು. ಆದರೆ ಹಳೆ ಪಿಲ್ಲರ್‌ಗಳು ತಡೆಯುತ್ತವಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು. ಕ್ರೇನ್ ಎತ್ತುವಾಗ ಕೆಳಗಿನ ಮಹಡಿಯ ರೋಗಿಗಳನ್ನು ಬೇರೆ ಕಡೆ ಕಳಿಸಬೇಕು. ಲಿಫ್ಟ್, ಇನ್ನೊಂದು ಮೆಟ್ಟಿಲ ದಾರಿ ಎರಡೂ ಮೇಲಿನವರೆಗೆ ಹೋಗಬೇಕು. ಪಿಲ್ಲರ್ ಗಟ್ಟಿ ಇದ್ದು, ಸ್ಟ್ರೆಚರ್ ಹಿಡಿಯುವ ಲಿಫ್ಟ್ ಮಾತ್ರ ಆಗದು ಅಂದರೆ ಮೇಲೆ ರೋಗಿಗಳನ್ನು ಮಲಗಿಸಬೇಡಿ. ಆಫೀಸು, ರೆಕಾರ್ಡ್ ರೂಮನ್ನು ಮೇಲಕ್ಕೆ ಸಾಗಿಸಿ, ಕೆಳಗೆ ಖಾಲಿಯಾದ ಜಾಗದಲ್ಲಿ ಬೆಡ್ ಹಾಕಿ.