ಬಿಸಿಯೂಟದ ಸಾಲಿನಲ್ಲಿ ತಳ್ಳಾಟ

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತರಗತಿಯಲ್ಲಿ ಮಕ್ಕಳು ಚೆನ್ನಾಗಿರುತ್ತಾರೆ, ಬಿಸಿಯೂಟಕ್ಕೆ ಬಂದರೆ ಬರೀ ತಳ್ಳಾಟ. ಬೆತ್ತ ಹಿಡಿಯದೆ ಸರಿಪಡಿಸೋದು ಹೇಗೆ?

ಉತ್ತರ: ಮೇಡಂ, ಬೆತ್ತ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ನೀವೊಬ್ಬರೇ ಒದ್ದಾಡಿದರೆ ಆಗೋದಿಲ್ಲ. ಒಬ್ಬರು ಸಾಲಾಗಿ ನಿಲ್ಲಿ ಅಂತಾರೆ, ಇನ್ನೊಬ್ಬರು ನೋಡಿಯೂ ಸುಮ್ನೆ ಇರುತ್ತಾರೆ, ಮಕ್ಕಳು ಯಾರ ಮಾತು ಕೇಳಬೇಕು, ಅಲ್ವಾ? ಹೆಡ್‌ಮಾಸ್ಟರು, ದೈಹಿಕ ಶಿಕ್ಷಣದ ಮೇಷ್ಟ್ರು, ಅಡುಗೆಯವರು ಎಲ್ಲರೂ ಕೂತು ಎರಡೇ ನಿಯಮ ಒಪ್ಪಿಕೊಳ್ಳಿ: ಸಾಲಾಗಿ ನಿಲ್ಲೋದು, ಚಿಕ್ಕವರಿಗೆ ಮೊದಲು ಜಾಗ ಬಿಡೋದು. ಗೋಡೆಗೆ ಅಂಟಿಸಿದರೆ ಸಾಲದು, ಮಕ್ಕಳ ಕೈಗೆ ತಟ್ಟೆ ಕೊಟ್ಟು, ನಲ್ಲಿ ಹತ್ತಿರ ನಿಲ್ಲಿಸಿ, ಒಂದು ವಾರ ಅಭ್ಯಾಸ ಮಾಡಿಸಿ. ನಿಯಮ ಪಾಲಿಸಿದ ಮಗುವಿಗೆ ಬರೀ ‘ಗುಡ್’ ಅನ್ನಬೇಡಿ. ‘ಚಿಕ್ಕವರಿಗೆ ಮೊದಲು ಜಾಗ ಬಿಟ್ಟೆಯಲ್ಲ, ಖುಷಿಯಾಯ್ತು ಪುಟ್ಟ’ ಅನ್ನಿ. ಈ ಮಾತು ಸಾಂಬಾರ್ ಬಡಿಸುವ ಅಕ್ಕನ ಬಾಯಿಂದ ಬಂದರೆ ಇನ್ನೂ ಜಾಸ್ತಿ ನಾಟುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರಿಗೂ ತಿಳಿಸಿ.