ಅಮ್ಮನ ವೀಣೆ, ಅಪ್ಪನ ಸೈಟು, ಮಗಳ ಕಂಪೋಸಿಶನ್

ಪ್ರಶ್ನೆ: ನನಗೆ 21 ವರ್ಷ. ಬಿ.ಕಾಂ. ಮುಗಿದಿದೆ. ಎಂಟನೇ ವಯಸ್ಸಿನಿಂದ ಅಮ್ಮನ ಹತ್ತಿರವೇ ವೀಣೆ ಕಲಿತೆ. ಅವರು ಮನೆಯಲ್ಲೇ ಪಾಠ ಹೇಳುತ್ತಾರೆ. ಜೊತೆಗೆ ಪಿಯಾನೊ ಕಲಿತು ಆರನೇ ಗ್ರೇಡ್ ಪಾಸಾಗಿದ್ದೇನೆ. ಪಿಯುಸಿಯಿಂದ ಕಂಪ್ಯೂಟರಿನಲ್ಲಿ ಸ್ವಂತ ಸಂಗೀತ ಬರೆಯುತ್ತಿದ್ದೇನೆ. ಅದರಲ್ಲಿ ಮೂರನ್ನು ಕಳಿಸಿದ್ದಕ್ಕೆ ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಕಂಪೋಸಿಶನ್ ಡಿಗ್ರಿಗೆ ಸೀಟು ಸಿಕ್ಕಿದೆ. ಮೂರು ವರ್ಷಕ್ಕೆ ಊಟ, ವಸತಿ ಎಲ್ಲ ಸೇರಿ 90 ಲಕ್ಷದ ಹತ್ತಿರ. ಅಪ್ಪ ಸೈಟ್ ಅಡ ಇಟ್ಟು ಸಾಲ ತೆಗೆಯಲು ತಯಾರು. ಅಮ್ಮ ಮಾತ್ರ “ವಾಗ್ಗೇಯಕಾರರು (ಸಾಹಿತ್ಯ, ಸಂಗೀತ ಎರಡನ್ನೂ ರಚಿಸುವವರು) ಹುಟ್ಟುತ್ತಾರೆ, ಕಾಲೇಜಲ್ಲಿ ತಯಾರಾಗಲ್ಲ. ಒಂದು ವರ್ಣ ನೆಟ್ಟಗೆ ನುಡಿಸೋಕೆ ಬರಲ್ಲ, ಆಗಲೇ ರಚನೆ ಮಾಡ್ತೀಯಾ?” ಅಂತಾರೆ. ಎರಡು ತಿಂಗಳಿಂದ ನನಗೆ ಪಾಠ ಹೇಳುವುದನ್ನೂ ನಿಲ್ಲಿಸಿದ್ದಾರೆ. ನಾನು ಅಹಂಕಾರಿಯಾ? ಹೋಗಲಾ, ಬಿಡಲಾ?
– ಹೆಸರು ಬೇಡ, ಮೈಸೂರು

ಉತ್ತರ: ಅಹಂಕಾರಿ ಖಂಡಿತ ಅಲ್ಲ. ಆದರೆ ಈ ವರ್ಷ ಹೋಗಬೇಡಿ. ಸಿಟ್ಟಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲು ಅಮ್ಮನ ಮಾತು. ಅದಕ್ಕೆ ನಿಮ್ಮ ಊರಿನ ಚರಿತ್ರೆಯಲ್ಲೇ ಉತ್ತರ ಇದೆ. ‘ಬ್ರೋಚೇವಾರೆವರುರಾ’ ಕೃತಿಯನ್ನು ಅಮ್ಮ ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದಾರೋ! ಅದನ್ನು ರಚಿಸಿದ ಮೈಸೂರು ವಾಸುದೇವಾಚಾರ್ಯರೂ ಕಲಿಯುವುದಕ್ಕೆ ಅಂತಲೇ ಊರು ಬಿಟ್ಟವರು. ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿದ್ದು ಅಭ್ಯಾಸ ಮಾಡಿದರು. (ಖರ್ಚು ಅರಮನೆಯದು. ಯಾರೂ ಸೈಟ್ ಅಡ ಇಡಬೇಕಾಗಿರಲಿಲ್ಲ ಅನ್ನುವುದನ್ನೂ ಗಮನಿಸಿ.) ಇನ್ನು ಜಯಚಾಮರಾಜ ಒಡೆಯರ್. ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅನ್ನುವ ಡಿಪ್ಲೊಮಾ ಪಡೆದವರು. ಆಮೇಲೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಅಮ್ಮ ಇವರನ್ನು ವಾಗ್ಗೇಯಕಾರರಲ್ಲ ಅಂತ ಹೇಳಲಿಕ್ಕಿಲ್ಲ ಅಲ್ವಾ?

ಹಾಗಂತ ಅಮ್ಮ ಹೇಳಿದ್ದೆಲ್ಲ ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲಿ ಕೃತಿ ರಚಿಸುವವರೇ ಹಾಡುತ್ತಾರೆ, ಅವರೇ ಶಿಷ್ಯರಿಗೆ ಬಾಯಿಪಾಠ ಮಾಡಿಸುತ್ತಾರೆ. ಪುಸ್ತಕದಲ್ಲಿ ಇರುವ ಸ್ವರ ಬರೀ ಹಂದರ. ತೋಡಿ ರಾಗದ ಗಾಂಧಾರ ಸ್ವರ ಹೇಗೆ ತೂಗಬೇಕು ಅನ್ನುವುದು ಗುರುವಿನ ಬಾಯಿಂದಲೇ ಬರಬೇಕು. ನೀವು ಸೇರಬೇಕು ಅಂದುಕೊಂಡಿರುವ ಕಡೆ ಪದ್ಧತಿಯೇ ಬೇರೆ. ಅಲ್ಲಿ ನಿಮ್ಮ ಹಾಳೆ ಒಂದೇ ಹೋಗುತ್ತದೆ. ನಿಮ್ಮ ಮುಖವನ್ನೇ ನೋಡದವರು ಅದನ್ನು ಸ್ಟ್ಯಾಂಡಿನ ಮೇಲಿಟ್ಟುಕೊಂಡು ನುಡಿಸುತ್ತಾರೆ. ಕಂಪೋಸಿಶನ್ ಡಿಗ್ರಿಯಲ್ಲಿ ಕಲಿಸುವುದು ಮುಖ್ಯವಾಗಿ ಇದನ್ನೇ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಬ್ಬ ಮೇಷ್ಟ್ರ ಎದುರು ನೀವೊಬ್ಬರೇ ಕೂರುತ್ತೀರಿ. ಬರೆದುಕೊಂಡು ಹೋಗಿದ್ದನ್ನು ಅವರು ನೋಡಿ “ಇದು ಇಲ್ಲಿ ಯಾಕೆ ಬಂತು?” ಅಂತ ಕೇಳುತ್ತಾರೆ. ಜೊತೆಗೆ ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಹೊಂದಿಸುವುದು), ಕೌಂಟರ್‌ಪಾಯಿಂಟ್ (ಎರಡು ಮೂರು ರಾಗದ ಎಳೆಗಳನ್ನು ಒಟ್ಟಿಗೆ ಹೆಣೆಯುವುದು), ಆರ್ಕೆಸ್ಟ್ರೇಶನ್ (ಯಾವ ವಾದ್ಯಕ್ಕೆ ಏನು ಬರೆಯಬೇಕು ಅನ್ನುವುದು) ಪಾಠಗಳು. ಎಲ್ಲಕ್ಕಿಂತ ಬೆಲೆ ಬಾಳುವುದು ವರ್ಕ್‌ಶಾಪ್, ಅಂದರೆ ನೀವು ಬರೆದಿದ್ದನ್ನು ವಾದ್ಯಗಾರರು ಕೂತು ನುಡಿಸಿ ತೋರಿಸುವ ಕ್ಲಾಸು.

ನಿಮ್ಮ ಮೂರೂ ರಚನೆ ಕಂಪ್ಯೂಟರಿನಲ್ಲಿ ಬರೆದವು. ಮನುಷ್ಯರು ನುಡಿಸಿದ್ದನ್ನು ಕೇಳಿದ ಬಗ್ಗೆ ಕಾಗದದಲ್ಲಿ ಒಂದು ಮಾತೂ ಇಲ್ಲ. ನನಗೆ ಅಳುಕು ಇರುವುದು ಅಲ್ಲೇ. ಮ್ಯೂಸ್‌ಸ್ಕೋರ್‌ನಂಥ ಸ್ವರ ಬರೆಯುವ ಸಾಫ್ಟ್‌ವೇರ್ ಒಂದು ಮಟ್ಟಕ್ಕೆ ಎಚ್ಚರಿಸುತ್ತದೆ. ವಯೋಲಾಕ್ಕೆ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಅದರ ಕೆಳಗಿನ ತಂತಿಗಿಂತಲೂ ಕೆಳಗಿನ ಸ್ವರ ಬರೆದರೆ ಬಣ್ಣ ಬದಲಾಗುತ್ತದೆ. ಆದರೆ ಕೊಳಲಿಗೆ ಎಲ್ಲೂ ಬಿಡುವು ಕೊಡದೆ ಎರಡು ಪುಟ ಬರೆದರೆ ಅದು ಸುಮ್ನೆ ನುಡಿಸಿಬಿಡುತ್ತದೆ, ಅದಕ್ಕೇನು ಉಸಿರು ಕಟ್ಟುತ್ತದೆಯೇ? ನಿಜವಾದ ಕೊಳಲಿನವರು ಅರ್ಧ ಪುಟಕ್ಕೇ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ಆ ಗಳಿಗೆಯಲ್ಲಿ ನಿಮಗೆ ಏನನ್ನಿಸುತ್ತದೆ ಅನ್ನುವುದು ತಿಳಿಯಬೇಕು. ಮುಜುಗರವಾಗಿ ಸಂಜೆಯೇ ತಿದ್ದಿ ಬರೆಯಬೇಕು ಅನಿಸಿದರೆ ಈ ಓದು ನಿಮಗೆ ಒಗ್ಗುತ್ತದೆ. “ಕಂಪ್ಯೂಟರಲ್ಲಿ ಚೆನ್ನಾಗೇ ಕೇಳಿಸ್ತಿತ್ತಲ್ಲ” ಅಂತ ಬೇಜಾರಾಗುವುದಾದರೆ, 90 ಲಕ್ಷ ಖರ್ಚಾಗುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು.

ಅದಕ್ಕೇ ಒಂದು ವರ್ಷ ಕೇಳಿದ್ದು. ಎರಡು ಪಿಟೀಲು, ಒಂದು ಕೊಳಲು, ಒಂದು ವೀಣೆಗೆ ನಾಲ್ಕೈದು ನಿಮಿಷದ್ದು ಬರೆಯಿರಿ. ಮೈಸೂರಿನಲ್ಲಿ ನುಡಿಸುವವರಿಗೆ ಬರವಿಲ್ಲ. ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದುವವರು ಬೇಕಾದರೆ ಬೆಂಗಳೂರಲ್ಲಿ ಸಿಗುತ್ತಾರೆ. ರಿಹರ್ಸಲ್ಲಿಗೆ ಬಂದವರಿಗೆ ಕಾಫಿ-ತಿಂಡಿಯ ಜೊತೆ ಸಂಭಾವನೆಯನ್ನೂ ಕೊಡಿ, ಪುಕ್ಕಟೆ ಕರೆಯಬೇಡಿ.

ವೀಣೆಯ ಭಾಗವನ್ನು ಅಮ್ಮನ ಕೈಗೇ ಕೊಡಿ. ರಾಜಿಗೆ ಅಂತ ಹೇಳುತ್ತಿಲ್ಲ. ಮನೆಯಲ್ಲೇ ಇರುವ ಒಳ್ಳೆಯ ವೈಣಿಕರು ಅವರು, ಅದಕ್ಕೆ. ಎಂಟು ಎಣಿಕೆ ನಿಲ್ಲುವ ಒಂದು ಸ್ವರ ಬರೆದಿರುತ್ತೀರಿ, ಕಂಪ್ಯೂಟರ್ ಅದನ್ನು ಪಿಟೀಲಿನ ದನಿಯಲ್ಲಿ ಕೊನೆವರೆಗೂ ಎಳೆದಿರುತ್ತದೆ. ವೀಣೆಯಲ್ಲಿ ಒಂದೇ ಮೀಟಿಗೆ ಅಷ್ಟು ಹೊತ್ತು ನಾದ ನಿಲ್ಲಲ್ಲ. “ಇಲ್ಲಿ ಇನ್ನೊಂದು ಮೀಟು ಹಾಕ್ಬೇಕು, ಇಲ್ಲಾಂದ್ರೆ ತಂತಿ ಎಳೆದು ತುಂಬಬೇಕು” ಅಂತ ಅಮ್ಮ ಅನ್ನಬಹುದು. ಆರ್ಕೆಸ್ಟ್ರೇಶನ್ ಕ್ಲಾಸಿನಲ್ಲಿ ಹೇಳಿಕೊಡುವುದೂ ಇಂಥದ್ದೇ. “ಬೇಡ ಹೋಗು” ಅಂದರೆ ವಾರ ಬಿಟ್ಟು ಮತ್ತೆ ಕೇಳಿ. ಎರಡು ತಿಂಗಳ ಮೌನದ ಹಿಂದೆ, ಹದಿಮೂರು ವರ್ಷ ಹೇಳಿಕೊಟ್ಟಿದ್ದನ್ನು ಮಗಳು ಮೂಲೆಗೆ ಹಾಕುತ್ತಾಳೆ ಅನ್ನುವ ಭಯವೂ ಇರಬಹುದು. ಅವರ ವೀಣೆಗೆ ನೀವು ಬರೆದಿದ್ದೀರಿ ಅಂದರೆ ಆ ಭಯಕ್ಕೆ ಬೇರೆ ಸಮಾಧಾನ ಬೇಕಾಗಲಿಕ್ಕಿಲ್ಲ.

ಈಗ ದುಡ್ಡು. 90 ಲಕ್ಷ, ಶೇ. 10 ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳಿಗೆ 1 ಲಕ್ಷ 19 ಸಾವಿರದ ಹತ್ತಿರ ಕಂತು. ಹೊಸ ಕಂಪೋಸರ್ ಇಷ್ಟನ್ನು ಕಟ್ಟಬಲ್ಲಳು ಅಂತ ನಾನು ನಂಬುವುದಿಲ್ಲ. ಸಂಗೀತ ನಿರ್ದೇಶಕ ವನರಾಜ್ ಭಾಟಿಯಾ ಅವರನ್ನೇ ನೋಡಿ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ ಹೆಸರಾಂತ ಸಂಗೀತ ಶಿಕ್ಷಕಿ ನಾದಿಯಾ ಬುಲಾಂಜೆ ಅವರ ಹತ್ತಿರ ಕಲಿತು 1959ರಲ್ಲಿ ವಾಪಸು ಬಂದರು. ಜಾಹೀರಾತಿನ ಜಿಂಗಲ್‌ಗಳನ್ನು ಸಾವಿರಗಟ್ಟಲೆ ಮಾಡಿದರು, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮೊದಲ ಸಿನಿಮಾ ‘ಅಂಕುರ್’ ಬಂದಿದ್ದು 1974ರಲ್ಲಿ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಆಧರಿಸಿ ಒಪೆರಾ ಬರೆದಿದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಅಷ್ಟು ದೊಡ್ಡವರಿಗೇ ಹಾಗಾಯಿತು. ಜಿಂಗಲ್ ಮಾಡುವುದು ಕೀಳು ಅಂತಲ್ಲ, ಆದರೆ ತಲೆ ಮೇಲೆ ಸೈಟಿನ ಸಾಲ ಇದ್ದರೆ ಅದು ಬಿಟ್ಟು ಬೇರೇನೂ ಮಾಡಲು ಆಗುವುದಿಲ್ಲ.

ಬೇರೆ ದಾರಿಗಳಿವೆ. ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ಜರ್ಮನ್ ಭಾಷೆ ಕಲಿಯಬೇಕು. ಪಿಯಾನೊ, ಸ್ವರಜ್ಞಾನ, ಥಿಯರಿ ಎಲ್ಲಕ್ಕೂ ಪ್ರವೇಶ ಪರೀಕ್ಷೆ ಇರುತ್ತದೆ. ಅಲ್ಲಿದ್ದು ಬದುಕುವ ಖರ್ಚಿಗೆ ವರ್ಷಕ್ಕೆ ಸುಮಾರು 12 ಸಾವಿರ ಯೂರೋ ಬ್ಯಾಂಕಿನಲ್ಲಿ ತೋರಿಸಬೇಕು. ಕಡಿಮೆ ಏನಲ್ಲ, ವರ್ಷಕ್ಕೇ ಹತ್ತು ಲಕ್ಷದ ಮೇಲಾಯಿತು. ಆದರೆ ಮೂರು ವರ್ಷಕ್ಕೆ ಲೆಕ್ಕ ಹಾಕಿದರೂ 90 ಲಕ್ಷಕ್ಕಿಂತ ತುಂಬಾ ಕಡಿಮೆ. ಹತ್ತಿರದಲ್ಲಿ ಚೆನ್ನೈನ ಕೆ.ಎಂ. ಕನ್ಸರ್ವೇಟರಿ ಇದೆ, 2008ರಲ್ಲಿ ಎ.ಆರ್. ರೆಹಮಾನ್ ಶುರು ಮಾಡಿದ್ದು. ಒಮ್ಮೆ ಹೋಗಿ ನೋಡಿ ಬನ್ನಿ.

ಬಿ.ಕಾಂ. ಅನ್ನೂ ಕಡೆಗಣಿಸಬೇಡಿ. ಸಿ. ಅಶ್ವಥ್ ಐ.ಟಿ.ಐ. (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಕವಿತೆಗಳಿಗೆ ರಾಗ ಹಾಕಿದವರು. ಈ ಒಂದು ವರ್ಷ ಎಲ್ಲಾದರೂ ಅಕೌಂಟ್ಸ್ ಕೆಲಸಕ್ಕೆ ಸೇರಿದರೆ ವಾದ್ಯದವರ ಸಂಭಾವನೆಯಾದರೂ ಹುಟ್ಟುತ್ತದೆ.

ಆ ಯೂನಿವರ್ಸಿಟಿಗೆ ಇವತ್ತೇ ಮೇಲ್ ಹಾಕಿ. ಸೀಟನ್ನು ಮುಂದಿನ ವರ್ಷಕ್ಕೆ ಡಿಫರ್ ಮಾಡುತ್ತಾರಾ, ಸ್ಕಾಲರ್‌ಶಿಪ್ಪಿಗೆ ಮತ್ತೆ ಅರ್ಜಿ ಹಾಕಬಹುದಾ, ಡೆಪಾಸಿಟ್ ಕಟ್ಟಿದ್ದರೆ ಅದು ಉಳಿಯುತ್ತದಾ, ಮೂರನ್ನೂ ಕೇಳಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಅದು ಬರುವವರೆಗೆ ಅಪ್ಪ ಬ್ಯಾಂಕಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ.